ಬಿಳಿ ಕಲ್ಲಿಗೆ ಹತ್ತಿದ ಚಿನ್ನ

ಅವನಿಗಿಂತ ಮೊದಲು ಅವನ ಪುಡಿ ಮನೆಗೆ ಬರುತ್ತಿತ್ತು. ಹುಬ್ಬಿನ ಮೇಲೆ, ಕಿವಿಯ ಸಂದಿಯಲ್ಲಿ, ಅಂಗಿಯ ಹೊಲಿಗೆಯೊಳಗೆ, ಎಲ್ಲೆಲ್ಲೂ ಹಸಿರು ಬೆರೆತ ಬೂದು ಬಣ್ಣದ ಕಲ್ಲಿನ ಹಿಟ್ಟು. ಹೆಂಡತಿ ಬಾಗಿಲಲ್ಲೇ ಒದ್ದೆ ಬಟ್ಟೆ ಹಿಡಿದು ನಿಲ್ಲುತ್ತಿದ್ದಳು. ಗಂಡ ದಣಿದು ಬಂದನೆಂಬ ಕರುಣೆಯಿಂದಲ್ಲ, ಒರೆಸಿದ ನೆಲವನ್ನು ಮತ್ತೆ ಒರೆಸಬೇಕಲ್ಲ ಎಂಬ ಲೆಕ್ಕಾಚಾರದಿಂದ. "ಬೇರೆ ಮನೆ ಗಂಡಸ್ರು ಸಂಜೆ ಹಣ್ಣೋ ಹೂವೋ ತರ್ತಾರೆ. ನಮ್ಮನೆಯವ್ರು ಬೆಟ್ಟ ತರ್ತಾರೆ, ಅದೂ ಚಿಲ್ಲರೆಯಾಗಿ" ಎಂದು ಅವಳು ಪಕ್ಕದ ಮನೆಯವಳಿಗೆ ಹೇಳಿದ ಮಾತು ಬೀದಿಯ ತುದಿ ಮುಟ್ಟುವಷ್ಟರಲ್ಲಿ ಅವನಿಗೆ ಪುಡಿಯಣ್ಣ ಎಂಬ ಹೆಸರು ಗಟ್ಟಿಯಾಗಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಒಮ್ಮೆ ಉಸಿರಾಡಿ ಮತ್ತೆ ಪೆಟ್ಟಿಗೆ ಸೇರುತ್ತಿತ್ತು.

ಕಲ್ಲು ಕುಟ್ಟುವುದು ಅವನ ಕೆಲಸ. ರಸ್ತೆಗಲ್ಲ, ಕಟ್ಟಡಕ್ಕಲ್ಲ, ಕಲ್ಲುಗಳ ಹುಟ್ಟು ಕುಲ ವಿಚಾರಿಸುವ ಒಂದು ಸಂಶೋಧನಾ ಕೇಂದ್ರದ ನೆಲಮಾಳಿಗೆಯಲ್ಲಿ. ಕಿಟಕಿಯಿಲ್ಲದ ಕೋಣೆ. ದೂಳು ಹೀರುವ ದಪ್ಪ ಕೊಳವೆ. ಮೇಜಿನ ಮೇಲೆ ಅಗೇಟ್ ಎಂಬ ಹಾಲುಬಣ್ಣದ ಗಟ್ಟಿ ಕಲ್ಲಿನ ಪುಟ್ಟ ಒರಳು, ಅಂಗೈಯಲ್ಲಿ ಹಿಡಿಯುವಷ್ಟು ಅದರ ಗುಂಡು. ಬಂದ ಕಲ್ಲನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆಯಬೇಕು. ಸುತ್ತಿಗೆಯ ಗುರುತು ಬಿದ್ದ ಚೂರುಗಳನ್ನು ಆರಿಸಿ ಬಿಸಾಡಬೇಕು. ಉಳಿದದ್ದನ್ನು ಬೆರಳಿಗೆ ತರಿ ಸಿಗದಷ್ಟು ಅರೆಯಬೇಕು. ಆ ಪುಡಿ ಮೇಲಿನ ಮಹಡಿಗೆ ಹೋದರೆ ಅಲ್ಲಿನ ಪ್ರಯೋಗಾಲಯ ನೋಡಿಕೊಳ್ಳುವ ಮೇಡಂ ಅದನ್ನು ಆಮ್ಲದಲ್ಲಿ ಕರಗಿಸಿ ಯಂತ್ರಕ್ಕೆ ಕುಡಿಸುತ್ತಿದ್ದರು. ಯಂತ್ರ ಯಾವ ಲೋಹ ಎಷ್ಟಿದೆ ಎಂದು ಕಕ್ಕುತ್ತಿತ್ತು.

ಪಕ್ಕದ ಕೋಣೆಯಲ್ಲಿ ಒರಳು ತೊಳೆಯಲು ಒಬ್ಬಾಕೆ ಇದ್ದಳು. ಕೈಗೆ ಸವೆದುಹೋದ ಒಂದು ಲೋಹದ ಬಳೆ, ನಗುವಾಗ ಬಾಯಿಗೆ ಅಡ್ಡ ಹಿಡಿಯುವ ಅದೇ ಕೈ. ಇಡೀ ಕಟ್ಟಡ ಅವಳನ್ನು 'ತೊಳೆಯೋಳು' ಎನ್ನುತ್ತಿತ್ತು. ಪುಡಿಯಣ್ಣ ಮಾತ್ರ 'ತಂಗಿ' ಎನ್ನುತ್ತಿದ್ದ. ಬಾಯಿಮಾತಿನ ನಂಟಿಗೆ ಖರ್ಚಿಲ್ಲವಲ್ಲ, ಧಾರಾಳವಾಗಿಯೇ ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಕೇಂದ್ರದ ಮುಖ್ಯ ವಿಜ್ಞಾನಿ, ಎಲ್ಲರ ಬಾಯಲ್ಲಿ ದೊಡ್ಡ ಸರ್, ತಾವೇ ಮೆಟ್ಟಿಲಿಳಿದು ಬಂದರು. ದೊಡ್ಡವರು ಕೆಳಗಿಳಿದು ಬಂದರೆಂದರೆ ಅವರಿಗೆ ಏನೋ ಬೇಕಾಗಿದೆ ಎಂದೇ ಅರ್ಥ. ಕೈಯಲ್ಲಿ ಕಪ್ಪುಹಸಿರು ಕಲ್ಲು. ಒಡೆದ ಮುಖದ ಮೇಲೆ ಹುಲ್ಲಿನ ಗರಿಗಳನ್ನು ಅಡ್ಡಾದಿಡ್ಡಿ ಒತ್ತಿದಂಥ ಗೆರೆಗಳು.

"ಇದು ಭೂಮಿ ಎಳೆಗೂಸಾಗಿದ್ದಾಗ ಆಳದಿಂದ ಕಕ್ಕಿದ್ದು, ಪುಡಿಯಣ್ಣ. ಈಗಿನ ಲಾವಾ ಪಾಕದ ಹಾಗೆ ತೆವಳುತ್ತೆ. ಇದು ನೀರಿನ ಹಾಗೆ ಹರೀತಿತ್ತು. ಅಷ್ಟು ಬಿಸಿ."

"ಕೂಸು ಕಕ್ಕಿದ್ದನ್ನ ಮನೇಲಿ ಒರೆಸಿ ಬಿಡ್ತಾರೆ ಸರ್. ನೀವು ನನ್ನ ಕೈಲಿ ಕುಟ್ಟಿಸ್ತೀರಿ."

ಸರ್ ನಕ್ಕರು. ನಕ್ಕ ಮೇಲೆ ವಿಷಯಕ್ಕೆ ಬಂದರು. ಭೂಮಿ ಹುಟ್ಟಿದ ಹೊಸದರಲ್ಲಿ ಕಬ್ಬಿಣವೆಲ್ಲ ನಡುವಿಗೆ ಇಳಿಯುವಾಗ ಪ್ಲಾಟಿನಮ್ಮನ್ನೂ ರುಥೇನಿಯಂ, ಇರಿಡಿಯಂ ಮೊದಲಾದ ಅದರ ಐವರು ಒಡಹುಟ್ಟಿದವರನ್ನೂ ಬಾಚಿಕೊಂಡು ಹೋಯಿತಂತೆ. ಆಮೇಲೆ ಆಕಾಶದಿಂದ ಬಿದ್ದ ಉಲ್ಕೆಗಳು ಆ ಲೋಹಗಳನ್ನು ಮತ್ತೆ ಒಂದಿಷ್ಟು ತಂದು ಮೇಲೆ ಉದುರಿಸಿದವಂತೆ. ಹಿಟ್ಟಿನ ಮೇಲೆ ಉದುರಿಸಿದ ಉಪ್ಪು ಕಲಸದೆ ಒಳಗೆ ಹೋಗುವುದಿಲ್ಲ. ಈ ಉಪ್ಪು ಭೂಮಿಯ ಆಳಕ್ಕೆ ಬೇಗ ಕಲಸಿಹೋಯಿತೋ ನಿಧಾನವಾಗಿಯೋ ಎಂಬುದೇ ವಿದ್ವಾಂಸರ ಜಗಳ. ಆಳದಿಂದ ಬಂದ ಇಷ್ಟು ಹಳೆಯ ಕಲ್ಲಿನಲ್ಲಿ ಆ ಲೋಹ ಎಷ್ಟಿದೆ ಎಂದು ಅಳೆದರೆ ಜಗಳ ಮುಗಿಯುತ್ತದೆ. ಇರುವುದೋ, ಒಂದು ಲಾರಿ ಕಲ್ಲು ಹಿಂಡಿದರೆ ಎಳ್ಳುಕಾಳಿನಷ್ಟು. ಬೇಗ ಕಲಸಿಹೋಯಿತು ಎಂಬುದು ದೊಡ್ಡ ಸರ್ ಪಕ್ಷ. ಹಾಗಾಗಿ ಲೋಹ ಹೆಚ್ಚು ಸಿಕ್ಕಬೇಕಿತ್ತು. ಸಂತೆಗೆ ಹೋಗುವ ಮೊದಲೇ ಬೆಲೆ ಕಟ್ಟಿಕೊಂಡು ಹೊರಟ ಗಿರಾಕಿ.

"ಇಷ್ಟು ವರ್ಷ ಕುಟ್ಟಿದೀರಿ" ಎಂದರು ಸರ್. "ಈ ಸಲ ಲೇಖನದ ಕೊನೇಲಿ, ಉಪಕಾರ ನೆನೆಯೋ ಕಡೆ, ನಿಮ್ಮ ಹೆಸರು ಹಾಕ್ತೀನಿ. ಪುಡಿಯಣ್ಣ ಅಂತಲ್ಲ. ನಿಜವಾದ ಹೆಸರು, ತಂದೆ ಹೆಸರಿನ ಸಮೇತ."

ಅವನ ಹೆಸರು ಅದುವರೆಗೆ ಅಚ್ಚಾಗಿದ್ದು ಮದುವೆಯ ಕರೆಯೋಲೆಯಲ್ಲಿ ಮಾತ್ರ, ಅದೂ ಹೆಂಡತಿಯ ಹೆಸರಿನ ಕೆಳಗೆ. ಅಂದು ಸಂಜೆ ಅವನು ಪುಡಿ ಒರೆಸಿಕೊಳ್ಳದೆ ಮನೆಯೊಳಗೆ ನುಗ್ಗಿದ. ಹೆಂಡತಿ ಬೈಯಲು ತೆರೆದ ಬಾಯಿಯನ್ನು ಸುದ್ದಿ ಕೇಳಿ ಮುಚ್ಚಿದಳು. ಬೈಗುಳ ಅವಳ ಬಾಯಲ್ಲಿ ನಿಂತಿದ್ದು ಆ ಮನೆಯ ಇತಿಹಾಸದಲ್ಲಿ ಅದೇ ಮೊದಲು. ಮರುದಿನ ಬೀದಿಯೆಲ್ಲ ಗೊತ್ತು. ಅದರ ಮರುದಿನ ಅವಳ ತಮ್ಮ ಬಂದ.

ಈ ತಮ್ಮ ಅಕ್ಕಸಾಲಿ. ಪುಡಿಯಣ್ಣನ ಬೆರಳಿನಲ್ಲಿದ್ದ ದಪ್ಪ ಉಂಗುರ ಅವನದೇ ಕೈಕೆಲಸ, ಮದುವೆಗೆ ಕೊಟ್ಟದ್ದು. ಬಂದಾಗಲೆಲ್ಲ ಆ ಉಂಗುರವನ್ನು ತಟ್ಟಿ ನೋಡದೆ ಅವನು ಕೂರುತ್ತಿರಲಿಲ್ಲ. "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ ಅಂತಾರೆ ಜನ. ನಾನು ಬಿಟ್ಟಿದೀನಿ ನೋಡಿ ಭಾವ, ನಿಮ್ಮ ಬೆರಳಲ್ಲಿ! ತೂಕ ಅಂದ್ರೆ ಹಿಂಗಿರ್ಬೇಕು. ಕೈ ತಾನಾಗೇ ಕೆಳಗೆ ಬಾಗ್ಬೇಕು."

"ನಿನ್ನ ಉಪಕಾರಕ್ಕೆ ಕತ್ತೂ ಬಾಗಿದೆಯಪ್ಪ."

"ಅಚ್ಚಾದ್ಮೇಲೆ ಒಂದು ಪ್ರತಿ ಕೊಡಿ, ಅಂಗಡೀಲಿ ಕಟ್ಟು ಹಾಕಿಸಿ ತೂಗಾಕ್ತೀನಿ. ನಮ್ಮ ಭಾವ ಬರೀ ಕಲ್ಲು ಕುಟ್ಟೋನು ಅಂತ ಇಷ್ಟು ದಿನ ನಾನೇ ಹೇಳ್ಕೊಂಡು ತಿರುಗಿದೀನಿ. ತಿದ್ಕೋಬೇಕಲ್ಲ."

ಕಷ್ಟ ಬಂದದ್ದು ಆ ಬೆರಳಿನಿಂದಲೇ. ಮೈಮೇಲೆ ಲೋಹ ಇಟ್ಟುಕೊಂಡು ಕುಟ್ಟುವ ಕೋಣೆಗೆ ಯಾರೂ ಕಾಲಿಡಬಾರದು ಎಂಬುದು ಬಾಗಿಲ ಮೇಲೇ ಬರೆದಿದ್ದ ನಿಯಮ. ಪುಡಿಯಣ್ಣ ದಿನವೂ ಉಂಗುರ ಕಳಚಿ ಹೊರಗಿನ ಕಪಾಟಿನಲ್ಲಿ ಸೋಪಿನ ಡಬ್ಬಿಯೊಳಗೆ ಇಟ್ಟೇ ಒಳಗೆ ಹೋಗುತ್ತಿದ್ದ. ಆದರೆ ಹಸಿರು ಕಲ್ಲು ಬರುವ ಹೊತ್ತಿಗೆ ಸುತ್ತಿಗೆ ಹಿಡಿದು ಹಿಡಿದು ಬೆರಳಿನ ಗೆಣ್ಣು ಊದಿ ಗಂಟಾಗಿತ್ತು. ಸೋಪು ಹಚ್ಚಿದ, ಎಣ್ಣೆ ಹಚ್ಚಿದ, ದಾರ ಸುತ್ತಿ ಎಳೆದ. ಚರ್ಮ ಬಂತು, ಉಂಗುರ ಬರಲಿಲ್ಲ.

ಹೇಳಿಬಿಡಬಹುದಿತ್ತು. ಹೇಳಿದರೆ ಉಂಗುರ ಕತ್ತರಿಸಬೇಕು. ಹೆಂಡತಿಯ ಕಣ್ಣೆದುರು ಅವಳ ತವರಿನ ಚಿನ್ನ ಕತ್ತರಿಸುವ ಮಾತೆತ್ತುವುದಕ್ಕಿಂತ ಬೆರಳು ಕತ್ತರಿಸುವುದು ಸುಲಭ. ಇಲ್ಲವೆಂದರೆ ಬೇರೊಬ್ಬನನ್ನು ಕರೆಸುತ್ತಾರೆ. ಅರೆದವನ ಹೆಸರು ಅಚ್ಚಾಗುತ್ತದೆ. ಪುಡಿಯಣ್ಣ ಉಂಗುರದ ಮೇಲೆ ಗಾಯಕ್ಕೆ ಹಾಕುವ ಪಟ್ಟಿ ಸುತ್ತಿದ. ಗುಂಡು ಹಿಡಿದು ಅರೆದಂತೆ ಪಟ್ಟಿಯ ಒಳಮಗ್ಗುಲು ಸವೆದು ತೂತಾಗುತ್ತಿತ್ತು. ಚಿನ್ನವನ್ನು ಕಲ್ಲಿಗೆ ತೀಡಿದರೆ ಗೆರೆ ಬೀಳುತ್ತದೆ ಎಂಬುದು ಒರೆಗಲ್ಲು ಕಂಡ ಎಲ್ಲರಿಗೂ ಗೊತ್ತು. ಅಕ್ಕಸಾಲಿಯ ಭಾವನಿಗೆ ಗೊತ್ತಿರಲಿಲ್ಲವೆಂದರೆ ನಂಬುವವರು ನಂಬಲಿ. ಅವನು ಸಂಜೆ ಹೊಸ ಪಟ್ಟಿ ಸುತ್ತಿಕೊಂಡು ಮನೆಗೆ ಹೋಗುತ್ತಿದ್ದ.

"ಬೆರಳಿಗೇನಾಯ್ತು ಅಣ್ಣ?" ಎಂದಳು ತೊಳೆಯುವಾಕೆ.

"ಸುತ್ತಿಗೆ ಬಿತ್ತು ತಂಗಿ."

"ದಿನಾ ಅದೇ ಬೆರಳಿಗೆ ಬೀಳುತ್ತಾ?"

"ರೂಢಿಯಾಗಿದೆ ಅದಕ್ಕೆ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಪಾಟಿನ ಸೋಪಿನ ಡಬ್ಬಿ ಈಚೆಗೆ ಖಾಲಿ ಇರುವುದನ್ನು ಅವಳು ನೋಡಿದ್ದಳು. ಅವನಿಗೂ ಅದು ಗೊತ್ತಾಯಿತು.

ಮೇಲಿನ ಮಹಡಿಯಿಂದ ಫಲಿತಾಂಶ ಬಂತು. ಲೋಹ ಹೆಚ್ಚು! ದೊಡ್ಡ ಸರ್ ಹಿಗ್ಗಿ ಹೀರೆಕಾಯಿಯಾದರು. ಲೇಖನ ಬರೆದೇಬಿಟ್ಟರು, ಕರಡನ್ನು ಕೆಳಗೆ ತಂದು ಕೊನೆಯ ಸಾಲು ತೋರಿಸಿದರು. ಅಲ್ಲಿ ಅವನ ಹೆಸರಿತ್ತು. ಪುಡಿಯಣ್ಣ ಕೈಯನ್ನು ಅಂಗಿಗೆ ಒರೆಸಿಕೊಂಡು, ಮುಟ್ಟದೆ, ಹತ್ತಿರದಿಂದ ನೋಡಿದ. ತನ್ನ ಹೆಸರು ಇಷ್ಟು ಉದ್ದವಿದೆ ಎಂದು ಅವನಿಗೆ ಮರೆತೇಹೋಗಿತ್ತು.

ಮೇಡಂಗೆ ಮಾತ್ರ ಸಮಾಧಾನವಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಅವರು ಸರ್ ಜೊತೆ ವಾದ ಮಾಡುತ್ತಿದ್ದುದು ನೆಲಮಾಳಿಗೆಗೆ ಕೇಳಿಸಿತು.

"ಹೆಚ್ಚಾಗಿರೋದು ರುಥೇನಿಯಂ, ಇರಿಡಿಯಂ ಎರಡೇ ಸರ್. ಪ್ಲಾಟಿನಂ ಇದ್ದಷ್ಟೇ ಇದೆ. ಆರು ಜನ ಇರೋ ಮನೇಲಿ ಇಬ್ರೇ ದಪ್ಪ ಆದ್ರೆ ಅವರು ಬೇರೆ ಕಡೆ ಉಣ್ತಿದಾರೆ ಅಂತ ಅರ್ಥ."

"ಅದೇ ನಮ್ಮ ಹೊಸ ಶೋಧ ಅಂತ ಯಾಕೆ ಅಂದ್ಕೋಬಾರ್ದು?"

"ಒಂದೇ ಕಲ್ಲನ್ನ ಎರಡು ಸಲ ಅರೆದ್ರೆ ಎರಡು ಉತ್ತರ ಬರ್ತಿದೆ. ಶೋಧ ದಿನಕ್ಕೊಂದು ಥರ ಇರಲ್ಲ ಸರ್. ಕೊಳೆ ಇರುತ್ತೆ."

ಇಬ್ಬರೂ ಇಳಿದು ಬಂದರು. ಒರಳು ನೋಡಿದರು, ಬಟ್ಟೆ ನೋಡಿದರು, ನಲ್ಲಿ ನೋಡಿದರು. ಆಮೇಲೆ ನಲ್ಲಿಯ ಕೆಳಗಿದ್ದ ಕೈ ನೋಡಿದರು. ಬಳೆ ಹೊಳೆಯಿತು. ಎಷ್ಟೋ ವರ್ಷದಿಂದ ಹೊಳೆಯದೆ ಇದ್ದದ್ದು ಅಂದೇ ಹೊಳೆಯಬೇಕೆ.

"ಪುಡಿಯಣ್ಣ, ಇವಳು ಒರಳು ತೊಳೆಯುವಾಗ ಬಳೆ ತೆಗೀತಾಳಾ?" ಎಂದು ಕೇಳಿದರು ದೊಡ್ಡ ಸರ್.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ಹಳೆಯ ಕಾಲದ ದಡ್ಡ. ಪುಡಿಯಣ್ಣ ಕೈಯನ್ನು ಜೇಬಿಗೆ ಹಾಕಿಕೊಂಡ. ಹಾಕಿಕೊಂಡು, ನಿಜವನ್ನೇ ಹೇಳಿದ. "ಇಲ್ಲ ಸರ್. ಹಾಕ್ಕೊಂಡೇ ತೊಳೀತಾಳೆ."

ಒಂದಕ್ಷರ ಸುಳ್ಳಿಲ್ಲ. ಚೊಕ್ಕ ಸರಕು, ತೂಕದಲ್ಲಿ ಮಾತ್ರ ಮೋಸ.

ಅವಳು ಅವನ ಜೇಬನ್ನು ನೋಡಿದಳು. ಅವನ ಮುಖವನ್ನಲ್ಲ, ಜೇಬನ್ನು. ಏನನ್ನೋ ಕಾಯುವವಳ ಹಾಗೆ ನಲ್ಲಿಯನ್ನು ನಿಧಾನವಾಗಿ ತಿರುಗಿಸಿ ನಿಲ್ಲಿಸಿದಳು. ಆಮೇಲೆ ಹೇಳಿದಳು: "ಹೌದು ಸರ್, ಹಾಕ್ಕೊಂಡೇ ತೊಳೀತೀನಿ. ನಿಯಮ ಆ ಬಾಗಿಲ ಮೇಲಿದೆ, ನನ್ನ ಬಾಗಿಲ ಮೇಲೆ ಯಾರೂ ಬರೆದಿಲ್ಲ."

ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಆ ವಾರವೇ ಅವಳನ್ನು ಬಿಡಿಸಿದರು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟವಳು ಕುಟ್ಟುವ ಕೋಣೆಯ ಬಾಗಿಲಲ್ಲಿ ನಿಂತಳು.

"ಬೆರಳು ನೋಡ್ಕೊಳ್ಳಿ ಅಣ್ಣ. ಸುತ್ತಿಗೆ ಇನ್ನೂ ಬೀಳುತ್ತೆ."

ಪುಡಿಯಣ್ಣನಿಗೆ ಅಂದು ರಾತ್ರಿ ಊಟ ಸೇರಲಿಲ್ಲ. ಹೆಂಡತಿ ಕೇಳಿದಾಗ ದೂಳು ಎಂದ. ಬೆಳಿಗ್ಗೆ ಎದ್ದವನು ಒಂದು ಲೆಕ್ಕ ಹಾಕಿಕೊಂಡ: ಲೇಖನ ಒಮ್ಮೆ ಅಚ್ಚಾಗಲಿ, ಆಮೇಲೆ ಸರ್ ಹತ್ತಿರ ಮಾತಾಡಿ ಅವಳನ್ನು ವಾಪಸು ಕರೆಸುತ್ತೇನೆ. ಇಂಥ ಲೆಕ್ಕ ಹಾಕಿದವರೆಲ್ಲ ರಾತ್ರಿ ನೆಮ್ಮದಿಯಾಗಿಯೇ ಮಲಗುತ್ತಾರೆ, ಅವನೂ ಮಲಗಿದ. ಒರಳು ತೊಳೆಯುವ ಕೆಲಸವೂ ಈಗ ಅವನದೇ ಆಗಿತ್ತು.

ಮೇಡಂ ಒಂದು ಬಿಳಿ ಕಲ್ಲು ತಂದು ಮೇಜಿನ ಮೇಲಿಟ್ಟರು. ಗಾಜಿನ ಹಾಗೆ ಶುಭ್ರ.

"ಇದರಲ್ಲಿ ಏನಿದೆ ಮೇಡಂ?"

"ಏನೂ ಇಲ್ಲ. ಅದಕ್ಕೇ ಕೊಡ್ತಿರೋದು. ಎಂದಿನ ಹಾಗೆ ಅರೆದು ಕೊಡಿ."

ಏನೂ ಇಲ್ಲದ ಕಲ್ಲನ್ನು ಯಾಕೆ ಅರೆಯಬೇಕೆಂದು ಅವನಿಗೆ ಹೊಳೆಯಲಿಲ್ಲ. ಮೇಡಂಗೆ ತನ್ನ ಕೆಲಸ ಎಷ್ಟು ಅಚ್ಚುಕಟ್ಟೆಂದು ತೋರಿಸಿದರಾಯಿತು ಎಂದುಕೊಂಡ. ಬಿಳಿ ಕಲ್ಲು ಹಸಿರು ಕಲ್ಲಿಗಿಂತ ಗಟ್ಟಿ, ಸುಲಭಕ್ಕೆ ನುಣ್ಣಗಾಗದು. ಅವನು ಬೆವರು ಸುರಿಸಿ, ಮುಷ್ಟಿ ಬಿಗಿದು, ಎಂದೂ ಅರೆಯದಷ್ಟು ಶ್ರದ್ಧೆಯಿಂದ ಅರೆದ. ಅವನ ಶ್ರದ್ಧೆಯೆಲ್ಲ ಅವನ ಮೇಲೇ ಸಾಕ್ಷಿ ಹೇಳಲು ಮೇಲಿನ ಮಹಡಿಗೆ ಹೋಯಿತು.

ಮಾರನೆಯ ದಿನ ಕರೆ ಬಂತು. ದೊಡ್ಡ ಸರ್ ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಮೇಡಂ ಕುರ್ಚಿ ತೋರಿಸಿದರು. ಅಲ್ಲಿ ಅವನನ್ನು ಯಾರೂ ಎಂದೂ ಕೂರಿಸಿರಲಿಲ್ಲ, ಹಾಗಾಗಿ ಕೂರುವಾಗಲೇ ಅವನಿಗೆ ಭಯವಾಯಿತು.

"ಏನೂ ಇರಬಾರದ ಪುಡೀಲಿ ರುಥೇನಿಯಂ ಇದೆ, ಇರಿಡಿಯಂ ಇದೆ. ಈ ಸಲ ಚಿನ್ನಾನೂ ಹುಡುಕಿದೆ. ಬೇಕಾದಷ್ಟಿದೆ. ಬಳೆ ಹಾಕ್ಕೊಂಡೋಳು ಹೋಗಿ ಆಯ್ತು. ಕೈ ತೋರಿಸಿ ಅಣ್ಣ."

ಅವನು ಉಂಗುರವಿಲ್ಲದ ಕೈ ತೋರಿಸಿದ. ಮೇಡಂ ಕಾದರು. ಅವನು ಪಟ್ಟಿ ಸುತ್ತಿದ ಕೈಯನ್ನೂ ಮೇಜಿನ ಮೇಲಿಟ್ಟ.

ಯಂತ್ರಗಳ ರಿಪೇರಿ ಮಾಡುವವನು ಬಂದು ಚಿಕ್ಕ ಕಟರಿನಿಂದ ಉಂಗುರ ಕತ್ತರಿಸಿದ. ಮೇಡಂ ಅದರಿಂದ ಒಂದು ತುಣುಕು ಕರಗಿಸಿ ನೋಡಿದರು. ಚಿನ್ನ ಇತ್ತು, ಇಲ್ಲವೆನ್ನುವಂತಿಲ್ಲ. ಅದರ ಹೊಟ್ಟೆಯೊಳಗೆ ಸಣ್ಣ ಸಣ್ಣ ಕಣಗಳಾಗಿ ರುಥೇನಿಯಂ, ಇರಿಡಿಯಂ ತುಂಬಿಸಲಾಗಿತ್ತು. ಅವು ಚಿನ್ನದಲ್ಲಿ ಕರಗುವುದಿಲ್ಲ, ಒರೆಗಲ್ಲಿಗೆ ಸುಲಭಕ್ಕೆ ಸಿಕ್ಕುವುದಿಲ್ಲ, ತೂಕ ಮಾತ್ರ ಚೆನ್ನಾಗಿ ಕೊಡುತ್ತವೆ. ಕೈ ತಾನಾಗೇ ಕೆಳಗೆ ಬಾಗುವಂಥ ತೂಕ.

"ನನ್ನ ಹಳೇ ಲಾವಾದಲ್ಲಿದ್ದ ಲೋಹ ನಿಮ್ಮ ಬೆರಳಿಂದ ಬಂದಿದ್ದಾ?" ಎಂದರು ದೊಡ್ಡ ಸರ್, ಕಿಟಕಿಯಿಂದ ತಿರುಗದೆ. ಲೋಹ ಹೆಚ್ಚು ಬಂದಾಗ ತಾವು ಒಂದು ಮಾತೂ ಕೇಳದೆ ಬರೆಯಲು ಕೂತದ್ದು ಅವರಿಗೆ ನೆನಪಾದಂತೆ ಕಾಣಲಿಲ್ಲ. ದೊಡ್ಡವರ ನೆನಪಿನ ಜರಡಿಗೆ ತೂತು ದೊಡ್ಡದು.

ಪುಡಿಯಣ್ಣ ಭಾವಮೈದುನನನ್ನು ಮನೆಗೆ ಕರೆಸಿದ. ಕತ್ತರಿಸಿದ ಉಂಗುರ ಮೇಜಿನ ಮೇಲೆ ಬಾಯಿ ಬಿಟ್ಟುಕೊಂಡು ಕೂತಿತ್ತು.

"ಅದು ಬೆಸುಗೆಗೆ ಹಾಕೋದು ಭಾವ, ಎಲ್ಲರೂ ಹಾಕ್ತಾರೆ" ಎಂದ ಅವನು, ತಡವರಿಸದೆ. "ಅಲ್ಲ, ಆಗ ಅಗ್ಗ ಅಂತ ಹಾಕಿದೆ. ಈಗ ಆ ಇರಿಡಿಯಂ ಚಿನ್ನಕ್ಕಿಂತ ತುಟ್ಟಿ! ಲೆಕ್ಕ ನೋಡಿದ್ರೆ ಲಾಭ ನಿಮಗೇ, ಮೋಸ ಹೋದೋನು ನಾನು. ಕೊಡಿ ಇಲ್ಲಿ, ಕರಗಿಸಿ ಹೊಸದು ಮಾಡ್ಕೊಡ್ತೀನಿ."

ಪುಡಿಯಣ್ಣ ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷದ ತವರಿನ ಜಂಬಕ್ಕೆ ಇಂದಾದರೂ ಒಂದು ಸೋಲು ಕಂಡೀತೆಂಬ ಆಸೆ ಅವನಿಗಿತ್ತು. ಅವಳು ತಮ್ಮನಿಗೆ ಏನೂ ಹೇಳಲಿಲ್ಲ. ಗಂಡನ ಕಡೆ ತಿರುಗಿದಳು. "ಚೆನ್ನಾಗಿದ್ದ ಉಂಗುರ. ಯಾರೂ ಕೇಳಿರ್ಲಿಲ್ಲ, ಯಾರಿಗೂ ಗೊತ್ತಿರ್ಲಿಲ್ಲ. ಅದನ್ನ ತಗೊಂಡು ಹೋಗಿ ಕಲ್ಲಿಗೆ ಉಜ್ಜಿ ತವರಿನ ಮಾನ ಅರೆದು ಬಂದ್ರಲ್ಲ ರೀ."

ಹಸಿರು ಕಲ್ಲನ್ನು ಬೇರೊಬ್ಬ ಬಂದು ಮತ್ತೆ ಅರೆದ. ಲೋಹ ಕಡಿಮೆಯೇ ಬಂತು. ಆಕಾಶದಿಂದ ಉದುರಿದ ಆ ಉಪ್ಪು ಭೂಮಿಯ ಆಳಕ್ಕೆ ಕಲಸಲು ಬಹಳ ಕಾಲವೇ ಬೇಕಾಗಿತ್ತು. ದೊಡ್ಡ ಸರ್ ಪಕ್ಷ ಬದಲಿಸಿ, ತಮಗೆ ಮೊದಲಿಂದಲೂ ಸಂಶಯವಿತ್ತೆಂದು ಹೊಸ ಲೇಖನ ಬರೆದರು. ಅದು ಅಚ್ಚೂ ಆಯಿತು. ಪುಡಿಯಣ್ಣನನ್ನು ಕುಟ್ಟುವ ಕೋಣೆಯಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಕಲ್ಲು ಹೊರಬಹುದು, ಒಡೆಯುವಂತಿಲ್ಲ. ಅವನು ಮನೆಗೆ ಈಗ ಚೊಕ್ಕವಾಗಿಯೇ ಬರುತ್ತಿದ್ದ. ಒದ್ದೆ ಬಟ್ಟೆ ಹಿಡಿದು ಬಾಗಿಲಲ್ಲಿ ಯಾರೂ ನಿಲ್ಲುತ್ತಿರಲಿಲ್ಲ.

ಒಂದು ದಿನ ಮೇಡಂ ಉಗ್ರಾಣಕ್ಕೆ ಬಂದು ಅಚ್ಚಾದ ಹಾಳೆ ಕೊಟ್ಟರು. "ತೊಳೆಯೋ ಅಕ್ಕ ಎಲ್ಲಿ ಕೆಲಸಕ್ಕಿದಾರೆ ಅಂತ ನಿಮಗೆ ಗೊತ್ತಂತಲ್ಲ. ಇದನ್ನ ಕೊಟ್ಟು ಬನ್ನಿ. ವಾಪಸು ಬರೋದಾದ್ರೆ ಕೆಲಸ ಇದೆ ಅಂತಾನೂ ಹೇಳಿ. ನೀವೇ ಹೇಳಿದ್ರೆ ಸರಿ."

ದಾರಿಯಲ್ಲಿ ಅವನು ಹಾಳೆಯನ್ನು ಓದಿದ. ಕೊನೆಯಲ್ಲಿ, ಅವನ ಹೆಸರು ಇರಬೇಕಾದ ಜಾಗದಲ್ಲಿ, ಅವಳ ಹೆಸರಿತ್ತು.

ಅವಳು ಒಂದು ಊಟದ ಹೋಟೆಲಿನ ಹಿಂಭಾಗದಲ್ಲಿ ದೊಡ್ಡ ತೊಟ್ಟಿಯ ಮುಂದೆ ನಿಂತಿದ್ದಳು. ಮೊಣಕೈವರೆಗೆ ನೊರೆ, ನೊರೆಯೊಳಗೆ ಅದೇ ಬಳೆ.

"ಬೆರಳು ಹೇಗಿದೆ ಅಣ್ಣ?"

"ಖಾಲಿ ಇದೆ ತಂಗಿ."

"ಗುರುತು ಹೋಗಿಲ್ಲ ನೋಡಿ, ಬೆಳ್ಳಗೆ ಹಾಗೇ ಇದೆ."

ಅವನು ಹಾಳೆ ಚಾಚಿದ. "ನಿನ್ನ ಹೆಸರು ಅಚ್ಚಾಗಿದೆ." ಬೆರಳಿಟ್ಟು ತೋರಿಸಿದ.

"ಇಷ್ಟು ಚಿಕ್ಕದಾ?" ಅವಳು ಬಗ್ಗಿ ನೋಡಿದಳು. "ನಿಮ್ಮದೆಲ್ಲಿ?"

ಅವನು ಮೇಲೆ, ನಡುವಿನಲ್ಲೊಂದು ಸಾಲು ತೋರಿಸಿದ. ಮೊದಲ ಸಲದ ಪುಡಿಗೆ ಒಬ್ಬ ಸಹಾಯಕನ ಉಂಗುರದಿಂದ ಲೋಹ ಬೆರೆತಿತ್ತು ಎಂದು ಬರೆದಿತ್ತು.

"ಹೆಸರಿಲ್ವಲ್ಲ."

"ಮರ್ಯಾದೆಗೆ ಹಾಕಿಲ್ಲ ಅಂದ್ರು."

ಅವಳು ನಕ್ಕಳು. ಕೈ ಒದ್ದೆಯಿದ್ದದ್ದರಿಂದ ಬಾಯಿಗೆ ಅಡ್ಡ ಹಿಡಿಯಲಿಲ್ಲ. ಅಷ್ಟು ವರ್ಷದಲ್ಲಿ ಅವಳ ಪೂರ್ತಿ ನಗುವನ್ನು ಅವನು ನೋಡಿದ್ದು ಅದೇ ಮೊದಲು.

"ವಾಪಸು ಬಾ ಅಂತಿದಾರೆ."

"ಬೇಡ ಅಣ್ಣ. ಇಲ್ಲಿ ತಟ್ಟೇಲಿ ಎಂಜಲಿದ್ರೆ ಕಣ್ಣಿಗೆ ಕಾಣುತ್ತೆ. ಅಲ್ಲಿ ಕಾಣದಿರೋ ಕೊಳೆಗೆ ಬೈಸ್ಕೋಬೇಕು."

ಅವನು ಹೊರಡಬೇಕಿತ್ತು. ಹೊರಡಲಿಲ್ಲ. "ಡಬ್ಬಿ ಖಾಲಿ ಇದ್ದದ್ದು ನಿಂಗೆ ಗೊತ್ತಿತ್ತಲ್ಲ. ಅವತ್ತು ಯಾಕೆ ಹೇಳ್ಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ."

ಒಳಗಿನಿಂದ ಯಾರೋ ಲೋಟ ಎಂದು ಕೂಗಿದರು. ಅವಳು ಕೈಗೆ ಸಿಕ್ಕ ಆ ಹಾಳೆಯನ್ನು ಕಟ್ಟೆಯ ಮೇಲೆ ಹಾಸಿ, ತೊಳೆದ ಲೋಟಗಳನ್ನು ಅದರ ಮೇಲೆ ಒಂದೊಂದಾಗಿ ಬೋರಲು ಹಾಕತೊಡಗಿದಳು. ನೀರು ಇಳಿದು ಅಕ್ಷರಗಳು ಉಬ್ಬಿದವು. ತನ್ನ ಹೆಸರು ಇರಬೇಕಾಗಿದ್ದ ಜಾಗದ ಮೇಲೆ ಒಂದು ಲೋಟ ಕೂರುವವರೆಗೂ ಅವನು ನೋಡುತ್ತಲೇ ಇದ್ದ.

"ಸ್ವಲ್ಪ ಸರೀರಿ ಅಣ್ಣ, ಜಾಗ ಸಾಲ್ತಿಲ್ಲ" ಎಂದಳು ಅವಳು.

ಅವನು ಸರಿದ.